ಡಿಫರೆನ್ಷಿಯಲ್ ಬ್ಯಾಕಪ್ ರಿಸ್ಟೋರ್ ಆಗದಿದ್ದಾಗ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನ ಒಂದು ಡೇಟಾಬೇಸನ್ನು ಬುಧವಾರ ಸಂಜೆಯ ಸ್ಥಿತಿಗೆ ಮರಳಿಸಬೇಕಾಗಿತ್ತು. ಬ್ಯಾಕಪ್ ತಂತ್ರಾಂಶದ ಕನ್ಸೋಲ್‌ನಲ್ಲಿ ವಾರದ ಎಲ್ಲ ಜಾಬ್‌ಗಳೂ ಯಶಸ್ವಿ ಎಂದೇ ಇದ್ದವು. ಭಾನುವಾರದ ಪೂರ್ಣ ಬ್ಯಾಕಪ್ ಸಲೀಸಾಗಿ ರಿಸ್ಟೋರ್ ಆಯಿತು, ಆದರೆ ಅದರ ಮೇಲೆ ಬುಧವಾರದ ಡಿಫರೆನ್ಷಿಯಲ್ ಹಾಕಹೊರಟಾಗ 3136 ಸಂಖ್ಯೆಯ ದೋಷ ಎದುರಾಯಿತು. ಡೇಟಾಬೇಸ್ ಅದಕ್ಕೆ ತಕ್ಕ ಹಿಂದಿನ ಸ್ಥಿತಿಯಲ್ಲಿಲ್ಲ ಎಂಬುದು ಆ ಸಂದೇಶದ ತಾತ್ಪರ್ಯ.

ಡಿಫರೆನ್ಷಿಯಲ್ ಬ್ಯಾಕಪ್‌ನಲ್ಲಿ, ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಬದಲಾದ ಎಕ್ಸ್‌ಟೆಂಟ್‌ಗಳಷ್ಟೇ (ಡೇಟಾಬೇಸ್ ಕಡತದ ಸಣ್ಣ ತುಣುಕುಗಳು) ಇರುತ್ತವೆ; ಆ ಪೂರ್ಣ ಬ್ಯಾಕಪನ್ನು ಯಾರು ತೆಗೆದರು ಎಂಬುದು ಸರ್ವರ್‌ಗೆ ಬೇಕಿಲ್ಲ. ಸರ್ವರ್ ತನ್ನ ಬ್ಯಾಕಪ್ ಇತಿಹಾಸವನ್ನು ಬರೆದಿಡುವ ಎಂಎಸ್‌ಡಿಬಿ ಎಂಬ ಡೇಟಾಬೇಸ್‌ನ ಬ್ಯಾಕಪ್‌ಸೆಟ್ ಕೋಷ್ಟಕವನ್ನು ನೋಡಿದಾಗ, ಪರೀಕ್ಷಾ ಸರ್ವರ್‌ಗಾಗಿ ಯಾರೋ ಮಂಗಳವಾರ ಕೈಯಾರೆ ಇನ್ನೊಂದು ಪೂರ್ಣ ಬ್ಯಾಕಪ್ ತೆಗೆದಿದ್ದುದು ಗೊತ್ತಾಯಿತು. ಅಂದರೆ ಬುಧವಾರದ ಡಿಫರೆನ್ಷಿಯಲ್‌ಗೆ ಆಧಾರ ಭಾನುವಾರದ್ದಲ್ಲ, ಮಂಗಳವಾರದ್ದು; ಆದರೆ ಆ ಕಡತ ಆಗಲೇ ಅಳಿದುಹೋಗಿತ್ತು.

ಪುಣ್ಯಕ್ಕೆ, ಪೂರ್ಣ ಬ್ಯಾಕಪ್ ಲಾಗ್ ಸರಪಳಿಯನ್ನು, ಅಂದರೆ ಪ್ರತಿ ಬದಲಾವಣೆಯ ದಾಖಲೆಯಾದ ಟ್ರಾನ್ಸಾಕ್ಷನ್ ಲಾಗ್‌ನ ಬ್ಯಾಕಪ್‌ಗಳ ಸಾಲನ್ನು, ಕಡಿಯುವುದಿಲ್ಲ. ಹಾಗಾಗಿ ಡಿಫರೆನ್ಷಿಯಲ್ ಅನ್ನು ಬದಿಗಿಟ್ಟು, ಭಾನುವಾರದ ಪ್ರತಿಯನ್ನು ನೋರಿಕವರಿ ಆಯ್ಕೆಯೊಂದಿಗೆ (ಮುಂದಿನ ಬ್ಯಾಕಪ್‌ಗಳನ್ನು ಹಾಕಲು ಡೇಟಾಬೇಸನ್ನು ತೆರೆಯದೆ ಇಡುವುದು) ರಿಸ್ಟೋರ್ ಮಾಡಿ, ಆನಂತರದ ಟ್ರಾನ್ಸಾಕ್ಷನ್ ಲಾಗ್‌ಗಳನ್ನು ಒಂದನ್ನೂ ಬಿಡದೆ ಕ್ರಮವಾಗಿ ಅನ್ವಯಿಸಿ, ಕೊನೆಯದಕ್ಕೆ ಸ್ಟಾಪ್‌ಅಟ್ ಮೂಲಕ ಬೇಕಾದ ಸಮಯ ಕೊಟ್ಟೆ. ಹೊತ್ತು ಹಿಡಿಯಿತಾದರೂ ದತ್ತಾಂಶ ಪೂರ್ತಿಯಾಗಿ ಸಿಕ್ಕಿತು. ಈಗ ಕೈಯಾರೆ ತೆಗೆಯುವ ಬ್ಯಾಕಪ್‌ಗಳಿಗೆಲ್ಲ ಡಿಫರೆನ್ಷಿಯಲ್‌ನ ಆಧಾರವನ್ನು ಬದಲಿಸದ ಕಾಪಿ ಓನ್ಲಿ ಆಯ್ಕೆ ಕಡ್ಡಾಯ. ಜೊತೆಗೆ, ಪ್ರತಿ ವಾರ ಒಂದು ಡೇಟಾಬೇಸನ್ನು ಬೇರೆ ಸರ್ವರ್‌ನಲ್ಲಿ ಡಿಫರೆನ್ಷಿಯಲ್ ಸಮೇತ ರಿಸ್ಟೋರ್ ಮಾಡಿ ನೋಡುವ ಜಾಬ್ ಒಂದನ್ನು ಹಾಕಿದ್ದೇನೆ.