ಕೆಟ್ಟ ಪ್ರಿಂಟುಗಳ ಡ್ರಾಯರ್

ಮೂರು ಬಣ್ಣದ ರಿಡಕ್ಷನ್ ಲಿನೋ ಮಾಡುತ್ತಿದ್ದೆ. ಲಿನೋ ಅಂದರೆ ಕೆತ್ತಲು ಬರುವ ಮೆತ್ತನೆಯ ಹಾಸು. ಅದರ ಒಂದೇ ತುಂಡನ್ನು ಕೆತ್ತುತ್ತಾ ಹೋಗಿ, ಒಂದರ ಮೇಲೊಂದು ಬಣ್ಣ ಅಚ್ಚು ಹಾಕುವ ಕೆಲಸ ಅದು. 20 ಹಾಳೆ ಶುರು ಮಾಡಿದ್ದೆ. ಕೊನೆಯ ಬಣ್ಣ ಹಾಕುವಾಗ 7 ಕೆಟ್ಟವು. ಹಾಳೆ ಜರುಗಿದ್ದು ಬರೀ 2 ಮಿಲಿಮೀಟರ್. ಆದರೆ ಹಕ್ಕಿಯ ಕಣ್ಣು ಕೆನ್ನೆಗೆ ಬಂದು ಕೂತಿತ್ತು. ಮತ್ತೆ ಹಾಕೋಣ ಅಂದರೆ ಮೊದಲ ಬಣ್ಣದ ಅಚ್ಚೇ ಇಲ್ಲ. ಅದು ಆಗಲೇ ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು.

ಬಿಸಾಡಲು ಮನಸ್ಸಾಗಲಿಲ್ಲ. ಕಾಟನ್ ಹಾಳೆ ಅಗ್ಗದ್ದಲ್ಲ, ಅದೂ ಒಂದು ಕಾರಣ. ಮೊದಲು ಬ್ರಷ್ ಹಿಡಿದು ಕಣ್ಣು ತಿದ್ದಲು ಹೋದೆ. ಹಕ್ಕಿಗೆ ಎರಡು ಕಣ್ಣಾಯಿತು. ಆ ಏಳನ್ನೂ ಡ್ರಾಯರಿಗೆ ತಳ್ಳಿ ಸುಮ್ಮನಾದೆ.

ತಿಂಗಳ ಮೇಲೆ ತೆಗೆದಾಗ ಬೇರೆ ಥರ ನೋಡಿದೆ. ರಟ್ಟಿನಲ್ಲಿ 8 ಸೆಂಟಿಮೀಟರ್ ಚೌಕದ ಕಿಟಕಿ ಕತ್ತರಿಸಿ, ಹಾಳೆಯನ್ನು ತಲೆಕೆಳಗಾಗಿಟ್ಟು, ಅದರ ಮೇಲೆ ನಿಧಾನಕ್ಕೆ ಸರಿಸುತ್ತಾ ಹೋದೆ. ಹಕ್ಕಿ ಮಾಯ. ರೆಕ್ಕೆಯ ತುದಿಯಲ್ಲಿ ಕಡುನೀಲಿ ಜರುಗಿದ ಕಡೆ ಕೆಳಗಿನ ಹಳದಿ ಕೂದಲೆಳೆಯಷ್ಟು ಇಣುಕುತ್ತಿತ್ತು. ಅಷ್ಟು ತೆಳು ಗೆರೆಯನ್ನು ನಾನು ಬೇಕೆಂದೇ ಕೆತ್ತಲು ಕೂತರೂ ಆಗದು. ಪೆನ್ಸಿಲಿನಲ್ಲಿ ಗುರುತು ಹಾಕಿ ಕತ್ತರಿಸಿಬಿಟ್ಟೆ. ಏಳು ಹಾಳೆಯಿಂದ 19 ಚೌಕ ಸಿಕ್ಕವು. ಅವನ್ನೇ ಜೋಡಿಸಿ ಅಂಟಿಸಿದ್ದು ನನ್ನ ಮೊದಲ ಕೊಲಾಜ್ ಆಯಿತು.

ಅಂಟಿಸುವಾಗ ಪಾಠ ಕಲಿತೆ. ದಪ್ಪ ಹಾಳೆಗೆ ಅಂಟು ಹಚ್ಚಿ ತಕ್ಷಣ ಕೂರಿಸಿದರೆ ಒಣಗುವಾಗ ಹಪ್ಪಳದ ಹಾಗೆ ಸುರುಳಿ ಏಳುತ್ತದೆ. ಈಗ ಅಂಟು ಹಚ್ಚಿ ಒಂದೆರಡು ನಿಮಿಷ ಬಿಡುತ್ತೇನೆ. ಹಾಳೆ ತೇವ ಕುಡಿದು ಹಿಗ್ಗಿದ ಮೇಲೆ ಕೂರಿಸಿ, ಬ್ಲಾಟಿಂಗ್ ಪೇಪರ್ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ಎಣ್ಣೆ ಇಂಕು ದಪ್ಪಗೆ ಕೂತಿರುವ ಜಾಗದ ಮೇಲೆ ನೀರಿನ ಅಂಟು ಹಿಡಿಯುವುದಿಲ್ಲ. ಹಾಗಾಗಿ ಚೂರಿನ ಮೇಲೆ ಚೂರು ಅಂಟಿಸುವುದನ್ನು ಬಿಟ್ಟೆ.

ಆಮೇಲೆ ಕಣ್ಣು ಬಿದ್ದಿದ್ದು ಎಚಿಂಗ್ ಪ್ಲೇಟ್ (ಆಮ್ಲದಿಂದ ಗೆರೆ ಕೊರೆದ ಲೋಹದ ತಗಡು) ಒರೆಸುವ, ಟಾರ್ಲಟನ್ ಎಂಬ ಬಲೆಯಂಥ ಬಟ್ಟೆಯ ಮೇಲೆ. ಇಂಕು ಕುಡಿದು ಒಣಗಿದ ಮೇಲೆ ತಗಡಿನ ಹಾಗೆ ಸೆಟೆದುಕೊಳ್ಳುತ್ತದೆ. ಅದರ ಚೂರುಗಳನ್ನು ರಟ್ಟಿಗೆ ಅಂಟಿಸಿ, ಮೇಲೆ ಕೆಳಗೆ ಷೆಲ್ಲಾಕ್ (ಅರಗಿನ ವಾರ್ನಿಷ್) ಬಳಿದರೆ ಅದೇ ಒಂದು ಪ್ಲೇಟ್! ಇಂಕು ಹಚ್ಚಿ ಒತ್ತಿದರೆ ಬಲೆಯ ಒಂದೊಂದು ಕಣ್ಣೂ ಒದ್ದೆ ಹಾಳೆಯ ಮೇಲೆ ಮೂಡುತ್ತದೆ. ಆದರೆ ಇಂಕು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಇಂಕಿನಲ್ಲಿರುವ ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ತಾನಾಗಿ ಬೆಂಕಿ ಹತ್ತಲೂಬಹುದು. ನಾನು ಹರಡಿ ನೇತುಹಾಕುತ್ತೇನೆ.

ಪ್ಲೇಟಿನಲ್ಲಿ ಉಳಿದ ಇಂಕಿನಿಂದ ಎರಡನೇ ಸಲ ತೆಗೆಯುವ ಮಸುಕು ಅಚ್ಚನ್ನೂ ಈಗ ಎಸೆಯುವುದಿಲ್ಲ. ಫ್ರೆಂಚ್ ಚಿತ್ರಕಾರ ದೆಗಾ ತನ್ನ ಮೊನೊಟೈಪ್‌ಗಳ (ಪ್ಲೇಟಿನ ಮೇಲೆ ಇಂಕಿನಲ್ಲೇ ಚಿತ್ರ ಬರೆದು ತೆಗೆಯುವ ಅಚ್ಚು) ಇಂಥ ಮಸುಕು ಪ್ರತಿಗಳ ಮೇಲೆ ಪಾಸ್ಟಲ್ ಹಚ್ಚಿ ಚಿತ್ರ ಮುಗಿಸುತ್ತಿದ್ದ. ನಾನು ಬಣ್ಣದ ಪೆನ್ಸಿಲ್ ಹಚ್ಚುತ್ತೇನೆ, ಪಾಸ್ಟಲ್ ನನ್ನ ಕೈಗೆ ಜಾಸ್ತಿ ಮೆತ್ತುತ್ತದೆ. ಲಿನೋ ಚೂರುಗಳನ್ನೂ ಒಂದು ವರ್ಷ ಡಬ್ಬಿಯಲ್ಲಿ ಕೂಡಿಟ್ಟೆ. ಏನೂ ಹೊಳೆಯಲಿಲ್ಲ, ಚೆಲ್ಲಿದೆ.

ಒಂದು ಕೆಟ್ಟ ಚಟ ಮಾತ್ರ ಹತ್ತಿದೆ. ಮೊನ್ನೆ ಚೆನ್ನಾಗಿಯೇ ಬಂದ ಪ್ರಿಂಟಿನ ಮೇಲೂ ಆ ರಟ್ಟಿನ ಕಿಟಕಿ ಇಟ್ಟು ನೋಡುತ್ತಿದ್ದೆ. ಇನ್ನೂ ಕತ್ತರಿ ಹಾಕಿಲ್ಲ.