ನಮ್ಮೂರಿನ ಹೆಸರು ಯಾರ್ಯಾರಿಗಿದೆ? ಒಂದು ಕ್ವಿಜ್ ಸುತ್ತು ಕಟ್ಟಿದ ಅನುಭವ

ಹಾಸನದಲ್ಲಿ ಕ್ವಿಜ್ ನಡೆಸೋದು ಈಗ ಸುಲಭವಲ್ಲ. ಊರಿನ ಬಗ್ಗೆ ಪ್ರಶ್ನೆ ಕೇಳಿದರೆ ಗೊಮ್ಮಟ, ಹೊಯ್ಸಳರು, ಹೇಮಾವತಿ ಅಂತ ಹುಡುಗರು ಪ್ರಶ್ನೆ ಮುಗಿಯುವ ಮುಂಚೆಯೇ ಬಜರ್ ಒತ್ತಿಬಿಡುತ್ತಾರೆ. ಕೇಳುವ ನನಗೂ ಸಾಕಾಗಿತ್ತು. ಹಾಗಾಗಿ ರಾಜ್ಯೋತ್ಸವದ ಅಂತರಕಾಲೇಜು ಕ್ವಿಜ್‌ಗೆ ಹೆಸರಿನಲ್ಲಿ ‘ಹಾಸನ್’ ಅಥವಾ ‘ಹಸನ್’ ಇರುವವರದ್ದೇ ಒಂದು ಸುತ್ತು ಮಾಡಿದೆ. ಊರು, ವ್ಯಕ್ತಿ, ಕಥೆಯ ಪಾತ್ರ, ಏನಾದರೂ ಸರಿ. ಇಂಥದ್ದನ್ನು ಕಟ್ಟಬೇಕೆನ್ನುವವರಿಗೆ ಉಪಯೋಗವಾಗಲಿ ಅಂತ ಹೇಗೆ ಮಾಡಿದೆ ಎಂದು ಬರೆಯುತ್ತಿದ್ದೇನೆ.

ಮೊದಲು ಬೇಲಿ ಹಾಕಿಕೊಳ್ಳಬೇಕು. ಹಸನ್ ಅನ್ನೋದು ಅರಬ್ ದೇಶಗಳಲ್ಲಿ ಮನೆಮನೆಯಲ್ಲೂ ಇರುವ ಹೆಸರು. ಸುಮ್ಮನೆ ಹುಡುಕಿದರೆ ಮೊರಾಕೊದ ದೊರೆಯಿಂದ ಹಿಡಿದು ಎಲ್ಲರೂ ಬಂದು ಕೂರುತ್ತಾರೆ. ಆದ್ದರಿಂದ ಎರಡು ನಿಯಮ ಇಟ್ಟುಕೊಂಡೆ. ನಮ್ಮ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿರುವಂತೆ ಇಂಗ್ಲಿಷಿನಲ್ಲಿ ಎರಡು ‘ಎಸ್’ ಹಾಕಿ ಬರೆಯುವ ಹೆಸರಾಗಿರಬೇಕು. ಮನುಷ್ಯರಾದರೆ ಅದು ಹೆಸರಿನ ಕೊನೆಯಲ್ಲಿರಬೇಕು. ಎರಡನೆಯ ನಿಯಮದಿಂದ ಮೊರಾಕೊದ ದೊರೆ ಎರಡನೇ ಹಸನ್ ಹೊರಗುಳಿದರು. ಮೊದಲನೆಯದನ್ನು ಒಂದೇ ಒಂದು ಕುಟುಂಬಕ್ಕಾಗಿ ಸಡಿಲಿಸಿದೆ. ಅದು ಯಾವುದು ಅಂತ ನಿಮಗೆ ಗೊತ್ತಾಗಿರಬೇಕು.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಹೆಸರು, ಎಲ್ಲಿಯವರು, ಯಾತಕ್ಕೆ ಪ್ರಸಿದ್ಧರು, ಈ ಹೆಸರು ಅವರಿಗೆ ಬಂದ ದಾರಿ. ಕೊನೆಯ ಕಾಲಂ ತುಂಬುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಸುತ್ತಿಗೆ ಜೀವ ಬಂದಿದ್ದೂ ಅದರಿಂದಲೇ. ಬರೀ ಪಟ್ಟಿ ಓದಿದರೆ ಹಾಜರಿ ಕರೆದಂತಿರುತ್ತದೆ.

ಮ್ಯಾಗಿ ಹಸನ್ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಗವರ್ನರ್ ಆಗಿದ್ದವರು, 2017ರಿಂದ ಸೆನೆಟರ್. ತವರಿನ ಹೆಸರು ವುಡ್. ಹಸನ್ ಬಂದಿದ್ದು ಮದುವೆಯಿಂದ. ಸಿಫಾನ್ ಹಸನ್ ಇಥಿಯೋಪಿಯಾದಲ್ಲಿ 1993ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸ್ ಸೇರಿದ ಓಟಗಾರ್ತಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ. 2024ರ ಪ್ಯಾರಿಸ್‌ನಲ್ಲಿ ಆ ಎರಡರಲ್ಲಿ ಕಂಚು ಗೆದ್ದು, ಕೊನೆಯ ದಿನ ಮ್ಯಾರಥಾನ್‌ನಲ್ಲಿ ಚಿನ್ನ. ಇಥಿಯೋಪಿಯಾದಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಇಲ್ಲ, ಸ್ವಂತ ಹೆಸರಾದ ಮೇಲೆ ಅಪ್ಪನ ಹೆಸರು ಬರುತ್ತದೆ. ನಮ್ಮ ಇನಿಷಿಯಲ್ ಇದ್ದಂತೆಯೇ, ಮೊದಲಿಗೆ ಬರುವ ಬದಲು ಕೊನೆಗೆ ಬಂದಿದೆ ಅಷ್ಟೆ. ಗಜಲ್ ಗಾಯಕ ಮೆಹದಿ ಹಸನ್ (1927–2012) ಅವರದ್ದು ಇನ್ನೊಂದು ಬಗೆ: ರಾಜಸ್ಥಾನದಲ್ಲಿ ಹುಟ್ಟಿ ದೇಶವಿಭಜನೆಯಾದ ಮೇಲೆ ಪಾಕಿಸ್ತಾನಕ್ಕೆ ಹೋದವರು. ಮೆಹದಿ, ಹಸನ್ ಎರಡೂ ಸೇರಿದ್ದೇ ಅವರಿಗೆ ಇಟ್ಟ ಹೆಸರು.

ಇನ್ನು ಕಮಲ್ ಹಾಸನ್. ಇಂಗ್ಲಿಷಿನಲ್ಲಿ ಒಂದೇ ‘ಎಸ್’, ಆದರೆ ಹಾಸನದಲ್ಲಿ ನಿಂತು ಈ ಸುತ್ತು ಮಾಡುವಾಗ ಅವರನ್ನು ಬಿಟ್ಟರೆ ಸಭೆ ಸುಮ್ಮನಿರುವುದಿಲ್ಲ. ತಂದೆ ಡಿ. ಶ್ರೀನಿವಾಸನ್, ಅಣ್ಣಂದಿರು ಚಾರುಹಾಸನ್, ಚಂದ್ರಹಾಸನ್. ಅಂದರೆ ತಂದೆಯ ಹೆಸರಿನಲ್ಲಿ ‘ಹಾಸನ್’ ಇಲ್ಲ, ಮಕ್ಕಳ ಹೆಸರಿನ ಬಾಲವದು. ಶ್ರುತಿ ಹಾಸನ್, ಅಕ್ಷರಾ ಹಾಸನ್ ಹೊತ್ತಿಗೆ ಆ ಬಾಲವೇ ಬಿಡಿಯಾಗಿ ಕುಟುಂಬದ ಹೆಸರಾಗಿ ನಿಂತಿತು. ಒಂದು ಸರ್‌ನೇಮ್ ನಮ್ಮ ಕಣ್ಣೆದುರೇ ಹುಟ್ಟಿದ್ದು ಹೀಗೆ. ಇಡೀ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ನಮೂದು ಇದು. ಚಾರುಹಾಸನ್ ಅವರ ಮೂಲಕ ಪ್ರಶ್ನೆಯನ್ನು ನಮ್ಮ ಸೀಮೆಗೂ ಎಳೆಯಬಹುದು. ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದಿದ್ದು ಕನ್ನಡದ ‘ತಬರನ ಕಥೆ’. ಆ ಕಥೆ ಬರೆದ ಪೂರ್ಣಚಂದ್ರ ತೇಜಸ್ವಿ ಇದ್ದದ್ದು ಪಕ್ಕದ ಮೂಡಿಗೆರೆಯಲ್ಲಿ.

ಊರುಗಳ ಪಟ್ಟಿ ಇಷ್ಟು ಸೊಗಸಾಗಿರುತ್ತದೆ ಅಂತ ಅಂದುಕೊಂಡಿರಲಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ಹಸನ್ ಅಬ್ದಾಲ್ ಇದೆ, ಸಿಖ್ಖರ ಪಂಜಾ ಸಾಹಿಬ್ ಗುರುದ್ವಾರ ಇರುವ ಊರು. ಮೊರಾಕೊದ ರಬಾತ್‌ನಲ್ಲಿ ಹಸನ್ ಗೋಪುರ ಇದೆ, 12ನೇ ಶತಮಾನದ ಕೊನೆಗೆ ಸುಲ್ತಾನ ತೀರಿಕೊಂಡದ್ದರಿಂದ ಅರ್ಧಕ್ಕೇ ನಿಂತದ್ದು. ಆಸ್ಟ್ರೇಲಿಯಾದ ಲಿತ್‌ಗೋ ಬಳಿ ಹಸನ್ಸ್ ವಾಲ್ಸ್ ಎಂಬ ಬಂಡೆಸಾಲಿದೆ. ಎಲ್ಲಕ್ಕಿಂತ ಮಜಾ ಅಮೆರಿಕದ ಮಿನ್ನೆಸೋಟದ್ದು. ಅಲ್ಲಿ ಹಸನ್ ಟೌನ್‌ಶಿಪ್ ಅಂತ ಇತ್ತು, 2012ರಲ್ಲಿ ಪಕ್ಕದ ರೋಜರ್ಸ್ ನಗರಕ್ಕೆ ಸೇರಿಕೊಂಡಿತು. ಅದು ಅರಬ್ಬಿಯೂ ಅಲ್ಲ, ಹಾಸನಾಂಬೆಯೂ ಅಲ್ಲ. ಅಲ್ಲಿನ ಮೂಲನಿವಾಸಿ ಡಕೋಟ ಜನ ಸಕ್ಕರೆ ಮೇಪಲ್ ಮರವನ್ನು ಕರೆಯುವ ಹೆಸರಿನಿಂದ ಬಂದದ್ದು.

ಪಾತ್ರಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಥೆಯವರಿಗೆ ಸಾಮಾನ್ಯವಾಗಿ ಒಂದೇ ಹೆಸರು, ಹಾಗಾಗಿ ಕೊನೆಯಲ್ಲೇ ಇರಬೇಕೆಂಬ ನಿಯಮವನ್ನು ಅಲ್ಲಿ ಕೈಬಿಟ್ಟೆ. ಅರೇಬಿಯನ್ ನೈಟ್ಸ್‌ನಲ್ಲಿ ಒಂದು ದಿನದ ಮಟ್ಟಿಗೆ ಖಲೀಫನಾಗುವ ಅಬು ಹಸನ್, ‘ದಿ ಕೈಟ್ ರನ್ನರ್’ ಕಾದಂಬರಿಯಲ್ಲಿ ಗಾಳಿಪಟದ ಹಿಂದೆ ಓಡುವ ಹಸನ್, 1957ರ ಬಗ್ಸ್ ಬನ್ನಿ ಕಾರ್ಟೂನಿನಲ್ಲಿ ಗುಹೆ ಕಾಯುವ ಕತ್ತಿವೀರ ಹಸನ್. ಮೂವರು ಸಾಕು.

ಪ್ರಶ್ನೆ ಬರೆಯುವಾಗ ಹೆಸರನ್ನು ಕೊನೆಗೆ ಇಡಬೇಕು, ದಾರಿಯನ್ನು ಮೊದಲು ಹೇಳಬೇಕು. ಮಿನ್ನೆಸೋಟದ ಪ್ರಶ್ನೆಯನ್ನು ಓದಿದ್ದು ಹೀಗೆ: “ಅಮೆರಿಕದಲ್ಲಿ ಒಂದು ಟೌನ್‌ಶಿಪ್. ಹೆಸರು ಬಂದದ್ದು ಒಂದು ಮರದಿಂದ. ಆ ಹೆಸರಿನ ಬೋರ್ಡನ್ನು ನೀವು ಇವತ್ತು ಬೆಳಗ್ಗೆ ರೈಲಿಳಿದಾಗಲೇ ನೋಡಿದ್ದೀರಿ.” ಅರಸೀಕೆರೆಯಿಂದ ಬಂದಿದ್ದ ಹುಡುಗಿ ತಟ್ಟನೆ ಬಜರ್ ಒತ್ತಿದಳು. ಬಸ್ಸಿನಲ್ಲಿ ಬಂದವರು “ಇದು ಅನ್ಯಾಯ ಸರ್” ಅಂತ ಗಲಾಟೆ ಎಬ್ಬಿಸಿದರು. ಕಮಲ್ ಪ್ರಶ್ನೆಗೂ ಒಂದು ತಂಡ ತಕರಾರು ತೆಗೆಯಿತು: ಎರಡು ‘ಎಸ್’ ಎಲ್ಲಿ ಸರ್? ಒಂದು ಕುಟುಂಬಕ್ಕೆ ವಿನಾಯಿತಿ ಇದೆ ಅಂತ ಸುತ್ತಿನ ಆರಂಭದಲ್ಲೇ ಹೇಳಿದ್ದೆ, ಸ್ಕೋರ್ ಬರೆಯುತ್ತಿದ್ದ ಗಣಿತದ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದೂ ಇದ್ದರು. ಮೇಷ್ಟ್ರು ಬೆರಳು ತೋರಿಸಿದರು, ಅಲ್ಲಿಗೆ ಮುಗಿಯಿತು. ನಿಯಮ ಬಾಯಲ್ಲಿದ್ದರೆ ಸಾಲದು, ಗೋಡೆ ಮೇಲೂ ಇರಬೇಕು.

ಟೈ ಬ್ರೇಕರ್‌ಗೆ ತಿರುವುಮುರುವು ಮಾಡಿದೆ. ಹಾಸನದಲ್ಲೇ 1908ರಲ್ಲಿ ಹುಟ್ಟಿ, 1938ರಲ್ಲಿ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿ ಪ್ರಕಟಿಸಿ, ಊರಿನ ಹೆಸರನ್ನು ಮಾತ್ರ ಜತೆಗೆ ಒಯ್ಯದ ಲೇಖಕ ಯಾರು? ರಾಜಾರಾವ್ ಅಂತ ಹೇಳಿದವರು ಚಿಕ್ಕಮಗಳೂರಿನ ತಂಡದವರು. ಹಾಸನದವರಿಗೆ ಸ್ವಲ್ಪ ಮುಖಭಂಗವೇ.

ಹಾಸನಾಂಬೆ ಬಾಗಿಲು ತೆರೆಯುವುದೂ ದೀಪಾವಳಿ ಆಸುಪಾಸಿನಲ್ಲಾದ್ದರಿಂದ ಆ ದಿನಗಳಲ್ಲಿ ಊರಲ್ಲಿ ಸಭಾಂಗಣ, ರೂಮು ಸಿಗುವುದು ಕಷ್ಟ, ಮೊದಲೇ ಹೇಳಿಟ್ಟುಕೊಳ್ಳಿ. ಮುಂದಿನ ಸಲ ‘ಗೌಡ’ ಮಾಡಿ ಸರ್ ಅಂತ ಹುಡುಗರು ಬೆನ್ನುಹತ್ತಿದ್ದಾರೆ. ಹಾಸನದಲ್ಲಿ ಕೂತು ಗೌಡರ ಪಟ್ಟಿ ಮಾಡುವುದಕ್ಕೆ ನೋಟ್‌ಬುಕ್ ಸಾಲದು, ತಾಲ್ಲೂಕು ಕಚೇರಿಯ ಮತದಾರರ ಪಟ್ಟಿಯನ್ನೇ ತರಬೇಕಾಗುತ್ತದೆ. ನಾನು ಜಾವಗಲ್ ಶ್ರೀನಾಥ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರಂತೆ ಊರನ್ನೇ ಹೆಸರಿನ ಮುಂದೆ ಹೊತ್ತವರ ಕಡೆ ಹೊರಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದಾಗಿದೆ, ಈ ಸಲ ಐದು.