ಘನ ರಾಸಾಯನಿಕದ ದಹನಶೀಲತೆಯನ್ನು ಪರೀಕ್ಷಿಸುವ ಕ್ರಮ

ಮಡಿಕೇರಿಯಲ್ಲಿ ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆ ಹಿಡಿದಿರುವಾಗ ತೇವ ಹೀರುವ ಪುಡಿಯ ಡಬ್ಬಿಯನ್ನು ತೆರೆದಿಟ್ಟರೆ, ಬೇಗ ಹೊತ್ತಿಕೊಳ್ಳುವ ವಸ್ತುವೂ ಪರೀಕ್ಷೆಯಲ್ಲಿ ನಿಧಾನವಾಗಿ ಉರಿದು ನಿರಪಾಯಕಾರಿಯಂತೆ ತೋರಬಹುದು. ಆದುದರಿಂದ ಉಪಕರಣಗಳೆಲ್ಲ ಸಿದ್ಧವಾದ ಮೇಲೆಯೇ ಡಬ್ಬಿಯನ್ನು ತೆರೆದು, ತಡಮಾಡದೆ ಪರೀಕ್ಷಿಸಬೇಕು. ಹಾಗೆಂದು ಮಾದರಿಯನ್ನು ಬಿಸಿಮಾಡಿ ಒಣಗಿಸುವುದೂ ಸರಿಯಲ್ಲ. ವಸ್ತುವು ಮಾರಾಟಕ್ಕೆ ಬರುವ ರೂಪದಲ್ಲಿಯೇ ಪರೀಕ್ಷೆಗೆ ಒಳಗಾಗಬೇಕು.

ಇಲ್ಲಿ ವಿವರಿಸಿರುವುದು ಅಪಾಯಕಾರಿ ಸರಕುಗಳ ಸಾಗಣೆಗಾಗಿ ವಿಶ್ವಸಂಸ್ಥೆ ರೂಪಿಸಿರುವ ಎನ್.1 ಪರೀಕ್ಷೆ. ತರಬೇತಾದವರ ಮೇಲ್ವಿಚಾರಣೆಯಲ್ಲಿ, ಹೊಗೆಯನ್ನು ಹೊರಗೆ ಸೆಳೆದೊಯ್ಯುವ ಗೂಡಾದ ಫ್ಯೂಮ್ ಹುಡ್ ಒಳಗೆ ಮಾತ್ರ ಇದನ್ನು ನಡೆಸಬೇಕು. ವಸ್ತು ಸ್ಫೋಟಕವಲ್ಲವೆಂಬುದು ಮೊದಲೇ ಖಚಿತವಾಗಿರಬೇಕು. ಗಂಧಕದಂಥ ಪುಡಿ ಉರಿದಾಗ ಉಸಿರುಗಟ್ಟಿಸುವ ಸಲ್ಫರ್ ಡೈಆಕ್ಸೈಡ್ ಹೊರಡುವುದರಿಂದ ಹೊಗೆ ಕೋಣೆಗೆ ಬಾರದಷ್ಟು ಗಾಳಿಯ ಸೆಳೆತವಿರಬೇಕು. ಆದರೆ ಪರೀಕ್ಷೆಯ ನಡುವೆ ಆ ಗಾಳಿಯ ವೇಗವನ್ನು ಬದಲಿಸಬಾರದು.

ಮೊದಲು ತಣ್ಣಗಿರುವ, ಶಾಖವನ್ನು ಹೆಚ್ಚು ಹರಿಯಗೊಡದ ಫಲಕದ ಮೇಲೆ 250 ಮಿ.ಮೀ. ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ಎತ್ತರದ ಪುಡಿಯ ಸಾಲನ್ನು ಎಲ್ಲಿಯೂ ಕಡಿಯದಂತೆ ಹಾಕಿ, ಕನಿಷ್ಠ 1000 ಡಿಗ್ರಿ ಸೆಲ್ಸಿಯಸ್ ತಾಪದ ಬರ್ನರ್ ಜ್ವಾಲೆಯನ್ನು ಒಂದು ತುದಿಗೆ, ಪುಡಿ ಹೊತ್ತಿಕೊಳ್ಳುವವರೆಗೆ ಅಥವಾ ಹೆಚ್ಚೆಂದರೆ 2 ನಿಮಿಷ ಹಿಡಿಯಬೇಕು. ಬೆಂಕಿ 2 ನಿಮಿಷದೊಳಗೆ 200 ಮಿ.ಮೀ. ಸಾಗದಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಸಾಗಿದರೆ ಉರಿಯುವ ವೇಗವನ್ನು ಅಳೆಯಬೇಕು. ಇದೇ ಅಳತೆಯ ತ್ರಿಕೋನಾಕಾರದ ಅಚ್ಚಿಗೆ ಪುಡಿಯನ್ನು ಸಡಿಲವಾಗಿ ತುಂಬಿ, ಅಚ್ಚನ್ನು 20 ಮಿ.ಮೀ. ಎತ್ತರದಿಂದ ಗಟ್ಟಿ ನೆಲೆಯ ಮೇಲೆ ಮೂರು ಸಲ ಬೀಳಿಸಿ, ಫಲಕದ ಮೇಲೆ ಮಗುಚಿ ಅಚ್ಚನ್ನು ತೆಗೆಯಬೇಕು. ಕೈಯಿಂದ ಒತ್ತಿ ತುಂಬುವ ಚಪಲ ಬೇಡ, ಸಾಂದ್ರತೆ ಬದಲಾದರೆ ವೇಗವೂ ಬದಲಾಗುತ್ತದೆ. ಹೊತ್ತಿಸಿದ ಮೇಲೆ ಮೊದಲ 80 ಮಿ.ಮೀ. ಉರಿಯಲು ಬಿಟ್ಟು, ಮುಂದಿನ 100 ಮಿ.ಮೀ.ಗೆ ತಗಲುವ ಸಮಯವನ್ನು ಸ್ಟಾಪ್‌ವಾಚಿನಲ್ಲಿ ನೋಡಬೇಕು. ಆ ಸಮಯ 45 ಸೆಕೆಂಡಿಗಿಂತ ಕಡಿಮೆಯಿದ್ದರೆ, ಅಂದರೆ ವೇಗ ಸೆಕೆಂಡಿಗೆ 2.2 ಮಿ.ಮೀ. ಮೀರಿದರೆ, ವಸ್ತು ದಹನಶೀಲ ಘನದ ವರ್ಗಕ್ಕೆ ಸೇರುತ್ತದೆ. ಒಂದು ಸಲ ಹಾಗೆ ಕಂಡುಬಂದರೂ ಸಾಕು. ಕಾಣದಿದ್ದರೆ ಒಟ್ಟು ಆರು ಸಲ, ಪ್ರತಿಬಾರಿಯೂ ತಣ್ಣಗಿನ ಶುಚಿಯಾದ ಫಲಕದ ಮೇಲೆ ಪರೀಕ್ಷೆಯನ್ನು ಪುನರಾವರ್ತಿಸಬೇಕು.

ಲೋಹದ ಪುಡಿಗಳಿಗೆ ಅಳತೆಗೋಲು ಬೇರೆ. ಜ್ವಾಲೆಯನ್ನು 5 ನಿಮಿಷದವರೆಗೆ ಹಿಡಿದು, ಬೆಂಕಿ 200 ಮಿ.ಮೀ. ಸಾಗುವುದೇ ಎಂದು 20 ನಿಮಿಷ ಕಾಯಬೇಕು. ಅಚ್ಚಿನಿಂದ ಮಾಡುವ ಮುಖ್ಯ ಪರೀಕ್ಷೆಯಲ್ಲಿ 10 ನಿಮಿಷದೊಳಗೆ ಇಡೀ ಸಾಲಿಗೆ ಬೆಂಕಿ ಹಬ್ಬಿದರೆ ಅವು ದಹನಶೀಲವೆನಿಸುತ್ತವೆ. ಉರಿಯುವ ಮೆಗ್ನೀಸಿಯಂ, ಅಲ್ಯುಮಿನಿಯಂ ಪುಡಿಗೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟುವುದರಿಂದ, ಮಳೆಗಾಲದಲ್ಲಿಯೂ ಚೆನ್ನಾಗಿ ಒಣಗಿಸಿಟ್ಟ ಮರಳಿನ ಬಕೆಟ್ ಕೈಗೆಟುಕುವಲ್ಲಿರಬೇಕು.